ಜಿನಮತಿಯ ಹೆಬ್ಬೆಟ್ಟು

ನಮ್ಮೂರಿನಲ್ಲಿ ಮದುವೆಯಾದ ವರ್ಷದೊಳಗೆ ಹೆಂಡತಿ ಗಂಡನಿಗೆ ಬೆಟ್ಟು ಕೊಡುವುದು ವಾಡಿಕೆ. ನೋಂದಣಿ ಕಚೇರಿಯಲ್ಲಿ ಅಧಿಕಾರಪತ್ರ ಬರೆಸಿ, ಅವಳ ಬಲಗೈ ಹೆಬ್ಬೆಟ್ಟನ್ನು ಅವನ ಎಡಗೈ ಹೆಬ್ಬೆಟ್ಟಿಗೆ ಒತ್ತಿ ಹಿಡಿದರೆ, ನೂರು ಎಣಿಸುವಷ್ಟರಲ್ಲಿ ಅವಳ ಗೆರೆಗಳೆಲ್ಲ ಅವನ ಬೆರಳಿಗೆ ಇಳಿದಿರುತ್ತವೆ. ಅವಳ ಬೆಟ್ಟು ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗುತ್ತದೆ. ಅಲ್ಲಿಂದ ಮುಂದೆ ಅವಳ ಹೆಸರಿನ ಯಾವ ಕಾಗದಕ್ಕಾದರೂ ಅವನ ಎಡಗೈ ಬೆಟ್ಟು ಬಿದ್ದರೆ ಸಾಕು. ಬಲಗೈಯದು ಅವನ ಪಾಲಿನದು, ಎಡಗೈಯದು ಅವಳ ಪಾಲಿನದು. ಗಂಡ ಹೆಂಡತಿಗೆ ಕೊಡಬಾರದೆಂದು ಕಾನೂನೇನೂ ಇಲ್ಲ, ಆದರೆ ಕೊಟ್ಟವರು ತೀರ ಕಡಿಮೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಗೆರೆಗಳು ತಾವಾಗಿಯೇ ಮರಳುತ್ತವೆ. ಹಾಗಾಗಿ ನಮ್ಮೂರ ಹೆಂಗಸರು, ಗಂಡ ಪರಊರಿಗೆ ಹೋಗಿದ್ದಾಗ ಬೆಟ್ಟು ತುರಿಸಿತೆಂದರೆ ಕೈಲಿದ್ದ ಕೆಲಸ ಬಿಟ್ಟು ಗೋಡೆಗೊರಗಿ ಕೂತುಬಿಡುತ್ತಾರೆ.

ನಾನು ಆ ಕಚೇರಿಯಲ್ಲಿ ನಕಲು ಬರೆಯುವವಳು. ಮದುವೆಯಾಗಲಿಲ್ಲ, ಹಾಗಾಗಿ ನನ್ನ ಬೆಟ್ಟು ನನ್ನ ಹತ್ತಿರವೇ ಉಳಿಯಿತು. ಜಿನಮತಿ ನನ್ನ ಓರಗೆಯವಳು. ಅವಳು ಬೆಟ್ಟು ಕೊಡಲು ಬಂದ ದಿನ ಮಸಿಯ ತಟ್ಟೆ ಹಿಡಿದು ನಿಂತಿದ್ದವಳೂ ನಾನೇ. ಆಗ ಅವಳಿಗೆ ಇಪ್ಪತ್ತಾಗಿರಲಿಲ್ಲ. ಅವಳ ಗಂಡ ಪಾಯಣ್ಣನವರದು ಹೊಳೆಯ ಈಚೆ ದಡದಲ್ಲಿ ಹಗ್ಗದ ಕಾರ್ಖಾನೆ. ಕಾರ್ಖಾನೆ ಎಂದರೆ ಗೋಡೆಯಿಲ್ಲದ, ಇನ್ನೂರು ಹೆಜ್ಜೆ ಉದ್ದದ ಒಂದು ಚಪ್ಪರ. ಅದರಡಿ ಏಳೆಂಟು ಜನ ಸೊಂಟಕ್ಕೆ ಕತ್ತಾಳೆ ನಾರು ಕಟ್ಟಿಕೊಂಡು, ಬೆನ್ನ ಹಿಂದಕ್ಕೆ ನಡೆಯುತ್ತ ಹಗ್ಗ ಹೊಸೆಯುತ್ತಿದ್ದರು. ಚಪ್ಪರದ ಪಕ್ಕದಲ್ಲೇ ಮನೆ.

ಪಾಯಣ್ಣನವರು ಒಳ್ಳೆಯ ಗಂಡ ಎಂದು ಊರಿಗೆ ಊರೇ ಹೇಳುತ್ತಿತ್ತು. ಜಿನಮತಿಯೂ ಹಾಗೆಯೇ ಹೇಳುತ್ತಿದ್ದಳು. ಮನೆಯ ಖರ್ಚಿಗೆ ಬೇಕಾದದ್ದು ಅವಳು ಬಾಯಿ ಬಿಡುವ ಮೊದಲೇ ದೇವರ ಗೂಡಿನ ಪಕ್ಕದಲ್ಲಿ ಇರುತ್ತಿತ್ತು. ಕಂದಾಯ ಯಾವಾಗ ಕಟ್ಟಬೇಕು, ನಾರು ಎಲ್ಲಿಂದ ಬರುತ್ತದೆ, ಕಬ್ಬಿಣದ ಪೆಟ್ಟಿಗೆಯಲ್ಲಿ ಯಾವ ಯಾವ ಕಾಗದಗಳಿವೆ, ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕು ಅಂತ ಅನಿಸಿಯೂ ಇರಲಿಲ್ಲ. ನುಣ್ಣನೆಯ ಬೆಟ್ಟಿನಿಂದ ಉಪ್ಪಿನ ಹರಳು ಹಿಡಿಯುವುದು ಕಷ್ಟ ಎಂದು ಉಳಿದ ನಾಲ್ಕು ಬೆರಳಿನಲ್ಲಿ ಹಿಡಿಯುವುದನ್ನು ಕಲಿತಳು. ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿ ದಾರ ಪೋಣಿಸುವುದನ್ನು ಕಲಿತಳು. ನಮ್ಮೂರಲ್ಲಿ ತಂಬಿಗೆಗಳಿಗೆಲ್ಲ ಕುತ್ತಿಗೆಯಲ್ಲೊಂದು ಬಳೆ ಬೆಸೆದಿರುತ್ತಾರೆ, ಜಾರದಿರಲಿ ಎಂದು. ಹೊರಗಿನವರಿಗೆ ಅದು ಅಲಂಕಾರ.

ಜಿನಮತಿಯ ಬಾಳಿನಲ್ಲಿ ಎರಡು ನೋವುಗಳಿದ್ದವು. ಒಂದು, ಮದುವೆಯಾದ ಏಳನೆಯ ವರ್ಷ ಹುಟ್ಟಿದ ಮಗು ಒಂಬತ್ತು ದಿನ ಬದುಕಿ ಹೋಗಿದ್ದು. ಆಮೇಲೆ ಮಕ್ಕಳಾಗಲಿಲ್ಲ. ಇನ್ನೊಂದು, ತಮ್ಮ ನೇಮಣ್ಣನದು. ಹೊಳೆಯ ಆಚೆ ದಡದಲ್ಲಿ ಅವಳ ತವರುಮನೆ. ಅಪ್ಪ ಬೇಗ ಹೋದವರು, ಮನೆ ಅವ್ವನ ಹೆಸರಿನಲ್ಲಿತ್ತು. ನನ್ನ ನಂತರ ಅಕ್ಕ ತಮ್ಮ ಇಬ್ಬರಿಗೂ ಸಮ ಎಂದು ಅವ್ವ ಹತ್ತು ಜನರ ಎದುರು ಹೇಳಿದ್ದಳು. ಆ ಅವ್ವ ತೀರಿಕೊಂಡಾಗ, ಕರ್ಮಾಂತರವೆಲ್ಲ ಮುಗಿದ ಮೇಲೆ, ಜಿನಮತಿ ಎರಡು ದಿನ ಹೆಚ್ಚಾಗಿಯೇ ತವರಲ್ಲಿ ಉಳಿದಳು. ನೇಮಣ್ಣ ಪಾಲಿನ ಮಾತೆತ್ತಲಿಲ್ಲ. ಹೊರಡುವಾಗ ಅವ್ವನ ಬೆಳ್ಳಿಯ ದೀಪವೊಂದನ್ನು ತಂದು ಕೈಗಿತ್ತ. ಇಷ್ಟೇನಾ ಎಂದು ಅವಳು ಕೇಳಲಿಲ್ಲ. ದೀಪವನ್ನು ಹೊಸ್ತಿಲ ಮೇಲಿಟ್ಟು, ಕರೆದೊಯ್ಯಲು ಬಂದಿದ್ದ ಗಂಡನ ಜೊತೆ ದೋಣಿ ಹತ್ತಿದಳು. ಆಮೇಲೆ ಇಪ್ಪತ್ತೆರಡು ವರ್ಷ ಹೊಳೆ ದಾಟಲಿಲ್ಲ. ನೇಮಣ್ಣ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ಅವನ ಮಗಳ ಮದುವೆಗೆ ಕರೆಯಲು ಬಂದಾಗಲೂ ಅವಳು ಒಳಗಿನಿಂದ ಎದ್ದು ಬರಲಿಲ್ಲ. ಪಾಯಣ್ಣನವರೇ ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟು ಕಳಿಸಿದ್ದರು.

ಪಾಯಣ್ಣನವರಿಗೆ ಮರೆವು ಶುರುವಾದದ್ದು ಅರವತ್ತರ ಹೊತ್ತಿಗೆ. ಮೊದಮೊದಲು ಯಾರಿಗೂ ಅದು ಮರೆವು ಅನ್ನಿಸಲಿಲ್ಲ. ಇಪ್ಪತ್ತು ವರ್ಷದಿಂದ ನಾರು ಬಡಿಯುತ್ತಿದ್ದವನನ್ನು ಕರೆದು ನಿನ್ನ ಊರು ಯಾವುದಪ್ಪ ಎಂದರು. ಅವನು ತಮಾಷೆ ಎಂದು ನಕ್ಕ. ಮೂರು ಎಳೆಯ ಹಗ್ಗ ಹೇಳಿದ ದೋಣಿಯವರಿಗೆ ಎರಡೇ ಎಳೆಯದು ಹೋಯಿತು. ಆಮೇಲೆ ಒಂದು ದಿನ ಚಪ್ಪರದಡಿ ಹಿಂದಕ್ಕೆ ನಡೆಯುತ್ತ ಹೋದವರು, ಚಪ್ಪರ ಮುಗಿದದ್ದು ತಿಳಿಯದೆ ಹೊಳೆಯ ನೀರಿಗೆ ಮೊಣಕಾಲು ಮುಳುಗುವ ತನಕ ನಡೆದರು. ಕೆಲಸದವರು ಕೈ ಹಿಡಿದು ಕರೆತಂದರು. ವೈದ್ಯರು, ಇದು ಹೋಗುವ ದಾರಿಯೇ ಹೊರತು ಬರುವ ದಾರಿಯಲ್ಲ ಎಂದು ಜಿನಮತಿಗೆ ಮೆತ್ತಗೆ ಹೇಳಿದರು. ಕೆಲವು ದಿನ ತಿಳಿಯಾಗಿರುತ್ತಾರೆ, ಕೆಲವು ದಿನ ಇರುವುದಿಲ್ಲ, ತಿಳಿಯಾದ ದಿನಗಳು ಕಡಿಮೆಯಾಗುತ್ತ ಹೋಗುತ್ತವೆ ಎಂದರು.

ಅವಳು ಅದನ್ನೂ ಹೊಂದಿಸಿಕೊಳ್ಳುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ಊಟಕ್ಕೆ ಬಡಿಸುವಾಗ ನೋಡುತ್ತಾಳೆ, ಅವರ ಎಡಗೈ ಹೆಬ್ಬೆಟ್ಟು ನೀಲಿಯಾಗಿದೆ. ಮಸಿ ಇನ್ನೂ ಹಸಿಯಾಗಿಯೇ ಇತ್ತು. ಯಾರು ಬಂದಿದ್ದರು, ಯಾವುದಕ್ಕೆ ಒತ್ತಿದಿರಿ ಎಂದು ಕೇಳಿದಳು. ಪಾಯಣ್ಣನವರು ಬೇರೆಯವರ ಮಗು ತನ್ನ ತೊಡೆಯ ಮೇಲೆ ಕೂತಿದೆಯೇನೋ ಅನ್ನುವ ಹಾಗೆ ಆ ಬೆಟ್ಟನ್ನು ನೋಡಿದರು. ಯಾರೋ ಬಂದಿದ್ದರು, ಒಳ್ಳೆಯ ಜನ, ಎಂದಷ್ಟೇ ಹೇಳಿ ಅನ್ನ ಕಲಸಿದರು.

ಆ ಮಧ್ಯಾಹ್ನ ಜಿನಮತಿ ಗಂಡನನ್ನು ಪಕ್ಕದ ಮನೆಯ ಅಂಬಕ್ಕನ ಬಳಿ ಕೂರಿಸಿ, ಕೊಡೆ ಹಿಡಿದು ಕಚೇರಿಗೆ ಬಂದಳು. ಮೂವತ್ತೊಂದು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಎರಡನೆಯ ಸಲ. ನನ್ನ ಬೆಟ್ಟು ಎಲ್ಲೆಲ್ಲಿ ಬಿದ್ದಿದೆ ನೋಡಿ ಹೇಳುತ್ತೀಯಾ ಎಂದು ಕೇಳಿದಳು. ಕೊಟ್ಟವರಿಗೆ ಅದನ್ನು ಕೇಳುವ ಹಕ್ಕಿದೆ, ಆದರೆ ಕೇಳಲು ಬಂದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನಾನು ಅವಳ ಹೆಸರಿನ ಪುಟ ತೆಗೆದೆ. ಹೊಸದೇನೂ ಇರಲಿಲ್ಲ. ಆ ನೀಲಿ ಮಸಿ, ಸಂಜೆಯ ದೋಣಿ ಇನ್ನೊಂದು ಸಲ ಬರಲಿ ಎಂದು ಮನೆಮನೆಗೆ ಹೋಗಿ ಬೆಟ್ಟು ಒತ್ತಿಸಿಕೊಂಡವರ ಅರ್ಜಿಯದು ಎಂದು ಎರಡು ದಿನದ ಮೇಲೆ ತಿಳಿಯಿತು. ಆದರೆ ಪುಟ ತೆಗೆದಾಗಿತ್ತಲ್ಲ, ಇದ್ದದ್ದನ್ನೆಲ್ಲ ಓದು ಎಂದಳು. ಓದಿದೆ. ಚಪ್ಪರದ ಜಾಗ ಅವಳ ಹೆಸರಿಗೆ ಮಾಡಿಸಿದ್ದು, ಮನೆ ಕಟ್ಟುವಾಗಿನ ಒಪ್ಪಿಗೆ, ನೀರಿನ ನಲ್ಲಿ, ಹೀಗೆ. ಏಳನೆಯದು ಹಕ್ಕುಬಿಡುಗಡೆ ಪತ್ರ. ಹೊಳೆಯಾಚೆಯ ಮನೆಯಲ್ಲಿ ತನಗೆ ಬರಬೇಕಾದ ಪಾಲನ್ನು ತಮ್ಮ ನೇಮಣ್ಣನಿಗೆ ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಎಂದು. ಇಸವಿ ನೋಡಿದರೆ, ಅವ್ವ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು.

ಆ ಪತ್ರದ ನಕಲು ಬರೆದವಳೂ ನಾನೇ. ಅಕ್ಷರ ನನ್ನದೇ. ಬರೆದದ್ದು ನೆನಪಿರಲಿಲ್ಲ. ದಿನಕ್ಕೆ ಹತ್ತು ಪತ್ರ ಬರೆಯುವವಳಿಗೆ ಯಾವುದು ಯಾರ ಬದುಕು ಎಂದು ನೆನಪಿರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದು. ಜಿನಮತಿ ಪುಟದ ಕೆಳಗಿದ್ದ ತನ್ನ ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷದ ಮೇಲೆ ತನ್ನ ಗೆರೆಗಳನ್ನು ಕಂಡದ್ದು ಅವತ್ತೇ. ಆಮೇಲೆ ಓದಿದ್ದಕ್ಕೆ ಏನು ಕೊಡಬೇಕು ಎಂದು ಕೇಳಿದಳು. ಏನೂ ಇಲ್ಲ ಎಂದೆ. ಕೊಡೆಯನ್ನು ಮರೆತು ಬಿಸಿಲಲ್ಲೇ ನಡೆದುಹೋದಳು.

ಮನೆಗೆ ಹೋದರೆ ಪಾಯಣ್ಣನವರಿಗೆ ಅದು ಕೆಟ್ಟ ದಿನ. ಅವಳು ನಾಲ್ಕು ಸಲ ಕೇಳಿದಳು. ನಾಲ್ಕೂ ಸಲ ಅವರು, ನೇಮಣ್ಣ ಯಾರು ಎಂದರು. ಸಿಟ್ಟನ್ನು ಎಲ್ಲಿ ಇಡುವುದು ಎಂದು ಅವಳಿಗೆ ತಿಳಿಯಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ಆ ಮನುಷ್ಯ ಮನೆಯಲ್ಲಿ ಇರಲಿಲ್ಲ. ಅವನ ಅಂಗಿ ತೊಟ್ಟುಕೊಂಡು, ಹಸಿವು ಎಂದು ಕೇಳುತ್ತ, ಬೇರೆ ಯಾರೋ ಕೂತಿದ್ದರು. ಅನ್ನ ಬಡಿಸಲೇಬೇಕಿತ್ತು, ಬಡಿಸಿದಳು.

ಮರುದಿನ ಬೆಳಗಿನ ದೋಣಿಗೆ ಅವಳು ಹೊಳೆ ದಾಟಿದಳು. ನೇಮಣ್ಣ ಅಂಗಳದಲ್ಲಿ ಹುಣಿಸೆ ಬೀಜ ಬಿಡಿಸುತ್ತಿದ್ದ. ಅಕ್ಕನನ್ನು ಕಂಡು ಎದ್ದು ನಿಂತ. ಅವನ ತಲೆ ಪೂರ್ತಿ ನರೆತಿತ್ತು. ಅವಳು ನೇರವಾಗಿ ಪತ್ರದ ಮಾತೆತ್ತಿದಳು. ಅವನು ಒಳಗೆ ಹೋಗಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಪತ್ರವನ್ನು ತಂದು ಮುಂದಿಟ್ಟ. ಆ ವರ್ಷ ಅವನಿಗೆ ಮನೆಯನ್ನು ಒತ್ತೆಯಿಟ್ಟು ದೋಣಿ ಕೊಳ್ಳುವ ಯೋಚನೆಯಿತ್ತಂತೆ. ಅಕ್ಕನ ಪಾಲಿನ ತಕರಾರಿಲ್ಲ ಎಂದು ಕಾಗದವಾದರೆ ಮಾತ್ರ ಕೊಡುತ್ತೇವೆ ಎಂದು ಸಾಲ ಕೊಡುವವರು ಹೇಳಿದರಂತೆ. ಭಾವನ ಹತ್ತಿರ ಹೋಗಿ ಅತ್ತ. ಭಾವ, ಅದೇನು ದೊಡ್ಡದು, ಅವಳು ಇಲ್ಲ ಅನ್ನುವವಳಲ್ಲ ಎಂದು ಹೇಳಿ ಮರುದಿನವೇ ಬಂದು ಬೆಟ್ಟು ಒತ್ತಿದರು.

"ನೀನೇ ಕೊಟ್ಟೆ ಅಂದುಕೊಂಡಿದ್ದೆ ಅಕ್ಕ," ಎಂದ ನೇಮಣ್ಣ. "ಕೊಟ್ಟ ಮೇಲೆ ಮುನಿಸಿಕೊಂಡದ್ದು ಯಾಕೆ ಅಂತ ಇಪ್ಪತ್ತೆರಡು ವರ್ಷ ಯೋಚಿಸಿದೆ. ದೀಪ ಚಿಕ್ಕದಾಯಿತೇನೋ ಅಂದುಕೊಂಡೆ."

ಪಾಲು ಈಗಲೂ ನಿನ್ನದೇ, ಬರೆದುಕೊಡುತ್ತೇನೆ ಎಂದೂ ಅವನು ಹೇಳಿದ. ಜಿನಮತಿ ತನ್ನ ನುಣ್ಣನೆಯ ಬೆಟ್ಟನ್ನು ತೋರಿಸಿ, ಇಸಿದುಕೊಳ್ಳುವುದಕ್ಕೂ ಬಿಡುವುದಕ್ಕೂ ಇದು ಬೇಕಲ್ಲಪ್ಪ, ಇದು ನನ್ನ ಕೈಗೆ ಬರಲಿ, ಆಮೇಲೆ ಹೇಳುತ್ತೇನೆ ಎಂದಳು. ಅವನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದಳು. ತಮ್ಮನ ಮಗಳ ಮದುವೆಯ ಫೋಟೋ ನೋಡಿದಳು. ವಾಪಸು ಬರುವ ದೋಣಿಯಲ್ಲಿ, ಕಂಡವರಿಗೆ ಕಾಣುವ ಹಾಗೆ ಅತ್ತಳು.

ಬೆಟ್ಟು ಮರಳಿ ಪಡೆಯುವುದು ಕೊಡುವಷ್ಟು ಸುಲಭವಲ್ಲ. ಇಟ್ಟುಕೊಂಡವನು ತಾನಾಗಿ ಕೊಡಬೇಕು. ಅಧಿಕಾರಿಯ ಮುಂದೆ ನಿಂತು, ಇದು ಯಾರದು, ಇಷ್ಟು ದಿನ ಯಾವುದಕ್ಕೆ ಬಳಸಿದೆ, ಈಗ ಯಾಕೆ ಕೊಡುತ್ತಿದ್ದೇನೆ ಎಂದು ತನ್ನ ಮಾತಿನಲ್ಲಿ ಹೇಳಬೇಕು. ಅಧಿಕಾರಿ ವಾಸುಪಾಲಯ್ಯನವರು ಕಟ್ಟುನಿಟ್ಟಿನವರು, ಆದರೆ ಕಲ್ಲು ಮನಸ್ಸಿನವರಲ್ಲ. ಜಿನಮತಿ ಮೊದಲ ಸಲ ಗಂಡನನ್ನು ಕರೆತಂದಾಗ ಅವರೇ ಎದ್ದು ಕುರ್ಚಿ ಕೊಟ್ಟರು. ಇದು ಯಾರ ಗೆರೆ ಎಂದು ಕೇಳಿದರು. ಪಾಯಣ್ಣನವರು ಬಹಳ ಯೋಚಿಸಿ, ನಮ್ಮ ತಾಯಿಯದು ಎಂದರು. ವಾಸುಪಾಲಯ್ಯನವರು ಪುಸ್ತಕ ಮುಚ್ಚಿ, ತಿಳಿಯಾದ ದಿನ ನೋಡಿ ಬನ್ನಿ ತಾಯಿ, ಬಾಗಿಲು ತೆರೆಯುವ ಮೊದಲು ಬಂದರೂ ಸರಿ, ತೆರೆಸುತ್ತೇನೆ ಎಂದರು.

ತಿಳಿಯಾದ ದಿನ ಹೇಳಿ ಬರುತ್ತದೆಯೇ? ಮೂರು ವಾರ ಕಳೆಯಿತು. ಕಾರ್ಖಾನೆಯ ಜಾಗ ಜಿನಮತಿಯ ಹೆಸರಿನಲ್ಲಿ, ವ್ಯವಹಾರ ಪಾಯಣ್ಣನವರ ಹೆಸರಿನಲ್ಲಿ. ಎರಡೂ ಬೆಟ್ಟು ಒಂದೇ ಮೈಯಲ್ಲಿ, ಆ ಮೈಯನ್ನು ಯಾರು ಕೈ ಹಿಡಿದು ಕರೆದರೂ ಎದ್ದು ಹೋಗುತ್ತಿತ್ತು. ಅವಳು ಒಂದು ಗಳಿಗೆಯೂ ಅವರನ್ನು ಬಿಟ್ಟಿರದಂತಾಯಿತು. ನೀರಿಗೆ ಹೋದರೂ ಜೊತೆಗೆ ಕರೆದೊಯ್ಯುತ್ತಿದ್ದಳು. ಈ ವಯಸ್ಸಿನಲ್ಲಿ ಎಷ್ಟು ಪ್ರೀತಿ ನೋಡು ಎಂದು ಬೀದಿಯವರು ಮೆಚ್ಚಿಕೊಂಡರು.

ಆಗ ಅಂಬಕ್ಕ ಒಂದು ಉಪಾಯ ಹೇಳಿದಳು. ಅಂಬಕ್ಕ ಕೆಟ್ಟವಳಲ್ಲ, ಕಷ್ಟ ಕಂಡವಳು. ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಡು, ಮೂರು ಮಾತು ತಾನೇ, ಬಾಯಿಪಾಠ ಮಾಡಿಸಿ ಕರೆದುಕೊಂಡು ಹೋಗು ಎಂದಳು. ಜಿನಮತಿ ಶುರು ಮಾಡಿದಳು. ಪಾಯಣ್ಣನವರು ಜಾಣ ಹುಡುಗನ ಹಾಗೆ ಕಲಿತರು. ಇದು ನನ್ನ ಹೆಂಡತಿ ಜಿನಮತಿಯ ಗೆರೆ, ಮನೆಗೂ ಹಗ್ಗದ ಕೆಲಸಕ್ಕೂ ಬಳಸಿದೆ, ನನಗೆ ಮರೆವು ಬಂದಿದೆ, ಅದಕ್ಕೆ ಕೊಡುತ್ತಿದ್ದೇನೆ. ನಾಲ್ಕನೆಯ ದಿನ ಒಂದಕ್ಷರವೂ ತಪ್ಪದೆ ಒಪ್ಪಿಸಿ, ಸರಿಯಾಯಿತಾ ಎಂದು ಅವಳ ಮುಖ ನೋಡಿದರು. ಮುಂದೆ ಒಂದು ದಿನ ನನಗೆ ಹೇಳಿದಳು, ನನಗೆ ತಿಳಿಯದ ಹಾಗೆ ಅವರು ನನ್ನ ಬೆಟ್ಟು ಒತ್ತಿದರು, ಈಗ ಅವರಿಗೆ ತಿಳಿಯದ ಹಾಗೆ ನಾನು ಒತ್ತಿಸಲು ಹೊರಟಿದ್ದೆ, ಇಬ್ಬರಲ್ಲಿ ಏನು ಫರಕು ಉಳಿಯಿತು ಎಂದು. ಆ ದಿನದಿಂದ ಪಾಠ ನಿಲ್ಲಿಸಿದಳು. ಅಂಬಕ್ಕ ಎರಡು ದಿನ ಮಾತು ಬಿಟ್ಟಳು.

ತಿಳಿಯಾದ ದಿನ ಬಂದದ್ದು ಒಂದು ಮಂಗಳವಾರ. ಬೆಳಿಗ್ಗೆ ಪಾಯಣ್ಣನವರು ತಾವೇ ಎದ್ದು ಮುಖ ತೊಳೆದು, ಚಪ್ಪರದ ತುದಿಯವರೆಗೂ ಹೋಗಿ ಹಿಂದಿನ ದಿನದ ಹಗ್ಗವನ್ನು ಎಳೆದು ನೋಡಿ, ಇದು ಸಡಿಲ, ಬಿಚ್ಚಿಸಿ ಎಂದರಂತೆ. ಒಳಗೆ ಬಂದವರು ಅವಳ ಮುಖ ನೋಡಿ, ನಾನು ತುಂಬ ದಿನ ಎಲ್ಲೋ ಹೋಗಿದ್ದೆ ಅಲ್ಲವೇನೇ ಎಂದು ಕೇಳಿದರು. ಅವಳು ಹೌದು ಎಂದಳು. ಮತ್ತೆ ಹೋಗುತ್ತೇನಾ ಎಂದರು. ಅದಕ್ಕೂ ಹೌದು ಎಂದಳು. ಹಾಗಾದರೆ ಕಚೇರಿಗೆ ಹೋಗೋಣ ನಡಿ ಎಂದವರು ಅವರೇ. ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಬೀಗ ತೆಗೆದೆ.

ವಾಸುಪಾಲಯ್ಯನವರು ಕೇಳಿದ್ದಕ್ಕೆಲ್ಲ ಪಾಯಣ್ಣನವರು ನಿಧಾನವಾಗಿ ಉತ್ತರ ಕೊಟ್ಟರು. ಯಾರ ಗೆರೆ ಎಂದರೆ, ಹೆಂಡತಿಯ ಹೆಸರನ್ನು ಜನರೆದುರು ಹೇಳಿ ಅಭ್ಯಾಸವಿಲ್ಲದ್ದಕ್ಕೆ ಸ್ವಲ್ಪ ನಾಚಿ, ಜಿನಮತಿಯದು ಎಂದರು. ಯಾವುದಕ್ಕೆ ಬಳಸಿದಿರಿ ಎಂದಾಗ ಚಪ್ಪರ, ಮನೆ, ನಲ್ಲಿ ಎಂದು ಹೇಳುತ್ತ ಹೋದರು. ಹೇಳುತ್ತ ಹೇಳುತ್ತ ನಿಂತರು. ಜಿನಮತಿ ಮಸಿಯ ತಟ್ಟೆಯ ಕಡೆ ನೋಡುತ್ತಿದ್ದಳು. ಅವಳು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇಷ್ಟು ಸಾಕು ಎಂದು ವಾಸುಪಾಲಯ್ಯನವರು ಲೇಖನಿ ಎತ್ತಿಯೂ ಆಗಿತ್ತು. ಈಗ ಕೆದಕಿದರೆ ಅವರ ತಲೆ ಕಲಕಿಹೋದೀತು, ಮತ್ತೆ ಇಂಥ ದಿನ ಸಿಕ್ಕೀತೋ ಇಲ್ಲವೋ ಎಂದು ನಾನು ಮಸಿಯ ತಟ್ಟೆಯನ್ನು ಅವಳ ಹತ್ತಿರಕ್ಕೆ ತಳ್ಳಿದೆ.

"ನೇಮಣ್ಣನ ಮನೆಯ ಕಾಗದ ಬಿಟ್ಟುಹೋಯಿತು," ಎಂದಳು ಜಿನಮತಿ.

ಪಾಯಣ್ಣನವರು ಎಡಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡಿದರು. ಹೊರಗೆ ಯಾರೋ ಕೆಮ್ಮಿದರು. ಅವರು ಮರೆತಿದ್ದಾರೆ ಎಂದೇ ನಾನು ತಿಳಿದೆ.

"ಬಿಟ್ಟುಹೋಗಿಲ್ಲ," ಎಂದರು ಕೊನೆಗೆ. "ಕೂಸು ಹೋಗಿ ಹದಿನೈದು ದಿನ ಆಗಿತ್ತು. ನೀನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಆ ಹೊತ್ತಿನಲ್ಲಿ ಪಾಲು ಗೀಲು ಅಂತ ಹೇಗೆ ಕೇಳಲಿ? ಎದ್ದ ಮೇಲೆ ಹೇಳೋಣ ಅಂದುಕೊಂಡೆ. ಎದ್ದೆ, ಹೇಳಲಿಲ್ಲ. ಅತ್ತೆ ಹೋದಾಗ ನೀನು ದೀಪ ಬಿಟ್ಟು ಬಂದೆಯಲ್ಲ, ಅವತ್ತು ದೋಣಿಯಲ್ಲೇ ಹೇಳಬೇಕಿತ್ತು. ನೀನು ಕೇಳಲಿ ಅಂತ ಕಾದೆ. ಆಮೇಲಾಮೇಲೆ ಕೇಳದಿರಲಿ ಅಂತ ಕಾದೆ."

"ನೇಮಣ್ಣ ಬಾಗಿಲಿಗೆ ಬಂದಾಗ?"

"ನಾನೇ ನೀರು ಕೊಟ್ಟೆ," ಎಂದರು. ಅವರ ಕಣ್ಣಲ್ಲಿ ನೀರು ಬಂದಿರಲಿಲ್ಲ, ಮುಖ ಮಾತ್ರ ಒಮ್ಮೆಗೇ ಹತ್ತು ವರ್ಷ ಹೆಚ್ಚಾದ ಹಾಗೆ ಕಂಡಿತು. ಜಿನಮತಿ ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. ತನ್ನ ಬಲಗೈಯನ್ನು ಮುಂದೆ ಚಾಚಿದಳು. ಅವರು ಎಡಗೈ ಬೆಟ್ಟನ್ನು ಅದರ ಮೇಲಿಟ್ಟು ಒತ್ತಿದರು. ನಾನು ನೂರು ಎಣಿಸಿದೆ. ಕೈ ಬಿಡಿಸಿದಾಗ ಅವಳ ಬೆಟ್ಟಿನ ಮೇಲೆ ಗೆರೆಗಳು ಎದ್ದಿದ್ದವು, ಮೂವತ್ತೊಂದು ವರ್ಷದ ಹಿಂದಿನವೇ, ಆದರೆ ಸ್ವಲ್ಪ ಸವೆದಿದ್ದವು. ಅವಳು ಮೊದಲು ಮಾಡಿದ ಕೆಲಸವೆಂದರೆ ಮೇಜಿನ ಮೇಲೆ ಬಿದ್ದಿದ್ದ ಗುಂಡುಸೂಜಿಯೊಂದನ್ನು ಹೆಬ್ಬೆಟ್ಟು ತೋರುಬೆರಳಿನ ನಡುವೆ ಹಿಡಿದು ಎತ್ತಿದ್ದು.

ಅಷ್ಟಕ್ಕೇ ಮುಗಿಯಲಿಲ್ಲ. ಪಾಯಣ್ಣನವರು ತಮ್ಮ ಬಲಗೈಯನ್ನೂ ಮುಂದಿಟ್ಟು, ನನ್ನದನ್ನೂ ಇವಳಿಗೆ ಬರೆಯಿರಿ ಎಂದರು. ಹೆಂಡತಿಗೆ ಬೆಟ್ಟು ಕೊಟ್ಟವನು ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಳ್ಳುವ ಊರು ನಮ್ಮದು. ವಾಸುಪಾಲಯ್ಯನವರು ಎಲ್ಲ ಅಧಿಕಾರವನ್ನೂ ಕೊಡುವ ಮಾಮೂಲಿ ಪತ್ರವನ್ನು ತೆಗೆದರು. ಜಿನಮತಿ ಅದು ಬೇಡ ಎಂದಳು. ಎಂದಾದರೂ ಬೇಕಾದೀತೆಂದು ಅವಳು ಮನೆಯಿಂದಲೇ ಬರೆದು ತಂದಿದ್ದ ಒಂದು ಹಾಳೆ ಇತ್ತು. ಅವರ ಔಷಧಿ, ಕೆಲಸದವರ ಕೂಲಿ, ಕಾರ್ಖಾನೆ ನಡೆಸುವುದು ಅಥವಾ ಮಾರುವುದು, ಇಷ್ಟಕ್ಕೆ ಮಾತ್ರ ಎಂದು ಅದರಲ್ಲಿತ್ತು. ಕೊನೆಗೆ ಇನ್ನೊಂದು ಸಾಲು ಇತ್ತು. ಯಾವ ಕಾಗದಕ್ಕೆ ಬೆಟ್ಟು ಒತ್ತುವ ಮೊದಲೂ ಅದನ್ನು ಪೂರ್ತಿಯಾಗಿ ಅವರಿಗೆ ಓದಿ ಹೇಳತಕ್ಕದ್ದು. ಅವರಿಗೆ ಅರ್ಥವಾಗದ ದಿನ ಬಂದರೆ ಏನು ಮಾಡುತ್ತೀರಿ ಎಂದು ವಾಸುಪಾಲಯ್ಯನವರು ಕೇಳಿದರು. ಆಗಲೂ ಓದುತ್ತೇನೆ ಎಂದಳು. ನಾನು ಹಾಗೆಯೇ ನಕಲು ಬರೆದೆ. ಅವರ ಬಲಗೈ ಗೆರೆಗಳು ಅವಳ ಎಡಗೈ ಬೆಟ್ಟಿಗೆ ಇಳಿಯುವ ತನಕ ಎರಡನೆಯ ಸಲ ನೂರು ಎಣಿಸಿದೆ.

ಎಂಟು ದಿನ ಬಿಟ್ಟು ಜಿನಮತಿಯೂ ನೇಮಣ್ಣನೂ ಒಟ್ಟಿಗೆ ಬಂದರು. ಪೂರ್ತಿ ಪಾಲು ಕೊಡುತ್ತೇನೆ ಎಂದು ಅವನು, ಪೂರ್ತಿ ಬೇಡ ಎಂದು ಅವಳು, ದೋಣಿಯಲ್ಲೇ ವಾದ ಮಾಡಿಕೊಂಡು ಬಂದಿದ್ದರಂತೆ. ಕೊನೆಗೆ ಹಿತ್ತಲ ಕಡೆಯ ಎರಡು ಕೋಣೆ ಮತ್ತು ಬಾವಿಯ ಹಕ್ಕು ಅಕ್ಕನಿಗೆ, ಉಳಿದದ್ದು ತಮ್ಮನಿಗೆ ಎಂದಾಯಿತು. ಅವಳು ತನ್ನ ಬೆಟ್ಟನ್ನು ತಾನೇ ಒತ್ತಿದಳು. ಒತ್ತುವ ಮೊದಲು ಪತ್ರವನ್ನು ನನ್ನಿಂದ ಎರಡು ಸಲ ಓದಿಸಿ, ಮೂರನೆಯ ಸಲ ತಾನೇ ಓದಿದಳು. ನನಗೆ ಬೇಸರವಾಗಲಿಲ್ಲ.

ಗಂಡಹೆಂಡಿರ ನಡುವೆ ಆಮೇಲೆ ಏನು ಮಾತಾಯಿತೋ ನನಗೆ ತಿಳಿಯದು. ತಿಳಿಯಾದ ದಿನಗಳು ಇನ್ನೂ ಆರೋ ಏಳೋ ಬಂದವಂತೆ. ಒಂದು ದಿನ ಇಬ್ಬರೂ ಹೊಳೆ ದಾಟಿ ನೇಮಣ್ಣನ ಮನೆಯಲ್ಲಿ ಊಟ ಮಾಡಿ ಬಂದರು. ಇನ್ನೊಂದು ದಿನ ಅವಳು ಅವರೊಡನೆ ಬೆಳಗಿನಿಂದ ಸಂಜೆಯ ತನಕ ಜಗಳವಾಡಿದಳು, ಆ ಹಳೆಯ ವಿಷಯಕ್ಕೇ. ನೆನಪಿರುವಾಗ ಜಗಳ ಆಡದಿದ್ದರೆ ಇನ್ನು ಯಾರ ಜೊತೆ ಆಡಲಿ ಎಂದು ನನ್ನ ಹತ್ತಿರ ಹೇಳಿಕೊಂಡಳು. ಆಮೇಲೆ ಆ ದಿನಗಳೂ ನಿಂತವು.

ಕಾರ್ಖಾನೆಯನ್ನು ಅವಳು ಎರಡು ವರ್ಷ ನಡೆಸಿದಳು. ಬೆಟ್ಟಿಗೆ ಹಿಡಿತ ಬಂದಿತ್ತಲ್ಲ, ಹಗ್ಗ ಹೊಸೆಯುವುದನ್ನೂ ಕಲಿತಳು. ಹಿಂದಕ್ಕೆ ನಡೆಯುವಾಗ ಪಾಯಣ್ಣನವರನ್ನು ಎದುರಿಗೆ ಕಾಣುವ ಹಾಗೆ ಚಪ್ಪರದ ಈ ತುದಿಯಲ್ಲಿ ಕೂರಿಸುತ್ತಿದ್ದಳು. ಆದರೆ ನೈಲಾನ್ ಹಗ್ಗ ಬಂದು ದೋಣಿಯವರು ಒಬ್ಬೊಬ್ಬರಾಗಿ ಕೈಬಿಟ್ಟರು. ಪಾಯಣ್ಣನವರನ್ನು ಎತ್ತಿ ಕೂರಿಸಲೂ ಒಬ್ಬರು ಬೇಕಾಯಿತು. ಕೆಲಸದವರಲ್ಲೇ ಹಿರಿಯನಾದ ಸಾಂತಯ್ಯ, ಮನೆ, ಚಪ್ಪರ, ವ್ಯವಹಾರ ಎಲ್ಲವನ್ನೂ ತಾನು ಕೊಳ್ಳುತ್ತೇನೆ, ಉಳಿದವರನ್ನು ಬಿಡಿಸುವುದಿಲ್ಲ ಎಂದು ಮುಂದೆ ಬಂದ. ಜಿನಮತಿ ಒಪ್ಪಿದಳು. ಹೊಳೆಯಾಚೆಯ ಎರಡು ಕೋಣೆಗೆ ಸುಣ್ಣ ಹೊಡೆಸಿದಳು.

ಮಲಗಿದವರ ಮನೆಗೆ ಕಚೇರಿಯೇ ಹೋಗುವ ಪದ್ಧತಿಯಿದೆ. ಆ ಬೆಳಿಗ್ಗೆ ವಾಸುಪಾಲಯ್ಯನವರೂ ನಾನೂ ಪುಸ್ತಕ ಮಸಿ ಹಿಡಿದು ಹೋದೆವು. ಪಾಯಣ್ಣನವರು ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು. ಶುಭ್ರವಾದ ಬಿಳಿ ಅಂಗಿ ತೊಡಿಸಿದ್ದಳು. ಯಾರನ್ನೂ ಗುರುತಿಸದೆ ಒಂದು ವರ್ಷದ ಮೇಲಾಗಿತ್ತು. ಜಿನಮತಿ ತನ್ನ ಪಾಲಿನ ಮನೆ, ಜಾಗಕ್ಕೆ ಬಲಗೈ ಬೆಟ್ಟು ಒತ್ತಿ ಮುಗಿಸಿದಳು. ಆಮೇಲೆ ಅವರ ಪಾಲಿನ ವ್ಯವಹಾರದ ಪತ್ರ ಹಿಡಿದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಓದಲು ಕೂತಳು. ನಾಲ್ಕು ಪುಟ. ಒಂದು ಸಾಲೂ ಬಿಡದೆ ಓದಿದಳು. ಸಾಂತಯ್ಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಪಾಯಣ್ಣನವರು ಕಿಟಕಿಯಾಚೆ ನೋಡುತ್ತಿದ್ದರು. ಓದಿ ಮುಗಿಸಿ, ಒತ್ತಲೇ ಎಂದು ಎಂದಿನಂತೆ ಕೇಳಿ, ಉತ್ತರಕ್ಕೆ ಕಾಯದೆ ತನ್ನ ಎಡಗೈಯನ್ನು ಮಸಿಯ ಕಡೆ ತಂದಳು.

"ಸ್ವಲ್ಪ ತಾಳಿ," ಎಂದರು ಪಾಯಣ್ಣನವರು.

ನಾವೆಲ್ಲ ಬೆಚ್ಚಿದೆವು. ಅವರು ಅವಳ ಕಡೆ ತಿರುಗಿದ್ದರು. ಕಣ್ಣಲ್ಲಿ ಗುರುತು ಇರಲಿಲ್ಲ, ಮನೆಗೆ ಬಂದ ಹೊಸಬರನ್ನು ಕಾಣುವ ಮರ್ಯಾದೆ ಇತ್ತು.

"ತಪ್ಪು ತಿಳಿಯಬೇಡಿ ತಾಯಿ, ನೀವು ಓದಿದ್ದೆಲ್ಲ ಸರಿ. ನಮ್ಮನೆಯವಳನ್ನ ಒಂದು ಮಾತು ಕೇಳಬೇಕು. ಅವಳಿಗೆ ಹೇಳದೆ ಆಗಲ್ಲ."

ವಾಸುಪಾಲಯ್ಯನವರು ನನ್ನ ಕಡೆ ನೋಡಿದರು. ಜಿನಮತಿ ಕೈಯನ್ನು ಹಾಗೆಯೇ ಹಿಡಿದು ಒಂದು ಕ್ಷಣ ಕೂತಳು. ಆಮೇಲೆ ಎದ್ದಳು. ಕೇಳಿಕೊಂಡು ಬರುತ್ತೇನೆ ಎಂದು ಹೇಳಿ, ಪತ್ರ ಹಿಡಿದು ಅಡುಗೆಮನೆಗೆ ಹೋದಳು. ನಾನು ಕೂತಲ್ಲಿಂದ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಒಲೆಯ ಕಟ್ಟೆಗೆ ಒರಗಿ ನಿಂತು, ಪತ್ರವನ್ನು ಮೊದಲಿನಿಂದ, ತುಟಿ ಆಡಿಸುತ್ತ, ತನಗೆ ತಾನೇ ಓದಿಕೊಂಡಳು. ನಾಲ್ಕೂ ಪುಟ. ನಾವು ಯಾರೂ ಅವಸರ ಮಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು, ಮತ್ತೆ ಸ್ಟೂಲಿನ ಮೇಲೆ ಕೂತಳು.

"ಕೇಳಿದೆ," ಎಂದಳು. "ಆಗಬಹುದು ಅಂದಳು."

"ಬೇಜಾರು ಮಾಡಿಕೊಂಡಳಾ?"

ಜಿನಮತಿ ಪತ್ರದ ಪುಟಗಳನ್ನು ಸರಿಯಾಗಿ ಜೋಡಿಸಿದಳು. "ಮಾಡಿಕೊಂಡಿದ್ದಳು," ಎಂದಳು. "ಈಗ ಇಲ್ಲ."

ಪಾಯಣ್ಣನವರು ತಲೆಯಾಡಿಸಿ, ಹಾಗಾದರೆ ಸರಿ ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು. ಅವಳು ಎಡಗೈ ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ಕಾಗದದ ಮೇಲೆ ಮೆಲ್ಲಗೆ ಉರುಳಿಸಿದಳು.